ಮೂಟೆ ತುಂಬಿದ ಬಸ್ಸಿನ ಗುಂಡಿಯಕ್ಕ

ಬೆಳಕು ಹರಿಯುವ ಹೊತ್ತಿಗೆ ಆಕೆ ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದುಕೊಂಡು ಬಸ್ಸು ಹತ್ತುತ್ತಾರೆ. ಸೀಟಿಗೊಂದು ಮರಳಿನ ಮೂಟೆ. ನಿಂತು ಹೋಗುವವರ ಲೆಕ್ಕಕ್ಕೆ ನಡುದಾರಿಯಲ್ಲೂ ಮೂಟೆಗಳು. "ನನ್ನ ಪ್ಯಾಸೆಂಜರು ಚಿನ್ನದಂಥೋರು. ಚಿಲ್ಲರೆ ಕೇಳಲ್ಲ, ಬಾಗಿಲಲ್ಲಿ ಜೋತಾಡಲ್ಲ," ಎನ್ನುತ್ತಾರೆ, ನಗದೆ.

ತಮ್ಮದೇ ಪ್ರತ್ಯೇಕ ಪಥದಲ್ಲಿ ಓಡಲಿರುವ ಈ ಉದ್ದನೆಯ, ನಡುವೆ ಕೀಲಿಟ್ಟು ಜೋಡಿಸಿದ ಜೋಡುಬಸ್ಸುಗಳು ಜನರನ್ನು ಹತ್ತಿಸಿಕೊಳ್ಳುವ ಮೊದಲು ಪರೀಕ್ಷಾ ಅಂಗಳದಲ್ಲಿ ಪೆಟ್ಟು ತಿನ್ನಬೇಕು. ಉಬ್ಬು, ಗುಂಡಿ, ಬೇಕೆಂದೇ ಓರೆಕೋರೆಯಾಗಿ ಹಾಸಿದ ಕಲ್ಲು. ವರ್ಷಗಟ್ಟಲೆ ಬೀಳುವ ಏಟು ಇಲ್ಲಿ ತಿಂಗಳುಗಳಲ್ಲಿ ಬೀಳುತ್ತದೆ. ಬಸ್ಸಿಗೂ, ಓಡಿಸುವವರ ಬೆನ್ನಿಗೂ. ಅದಕ್ಕೇ ಜೊತೆಯವರು ಇಟ್ಟ ಹೆಸರು ಗುಂಡಿಯಕ್ಕ.

ಮೊದಲು ಊರ ಬಸ್ಸು ಓಡಿಸುತ್ತಿದ್ದರು. ಪತಿ ಹಾಸಿಗೆ ಹಿಡಿದ ಮೇಲೆ, ಮಧ್ಯಾಹ್ನಕ್ಕೆ ಮನೆ ಸೇರಬಹುದೆಂದು ಇಲ್ಲಿಗೆ ಬಂದರು. ಅವರನ್ನು ಎತ್ತಿ ಕೂರಿಸಲು ಬೇರೆ ಯಾರೂ ಇಲ್ಲ. "ಡಾಕ್ಟ್ರು ಭಾರ ಎತ್ಬೇಡಿ ಅಂದ್ರು. ನಮ್ಮನೆಯವರಿಗೆ ಸಣ್ಣಗಾಗಕ್ಕೆ ನೀವೇ ಹೇಳಿ ಸಾರ್ ಅಂದೆ."

ಈ ಬಸ್ಸು ಪಾಸಾದರೆ ಸಪಾಟು ದಾರಿಯ ಬ್ರೇಕ್ ಪರೀಕ್ಷೆಗೆ ಹಾಕುತ್ತೇವೆಂದು ಮೇಲಿನವರು ಮಾತು ಕೊಟ್ಟಿದ್ದರು. ಇನ್ನೇನು ಮುಗಿಯಿತು ಎನ್ನುವಾಗ, ಎಡಕ್ಕೆ ತಿರುಗಿಸಿದಾಗಲೆಲ್ಲ ಬಸ್ಸಿನ ನಡುವಿನ ಕೀಲಿನಿಂದ ಕಿರ್ರೆನ್ನುವ ಸದ್ದು. ಕೀಲು ಬದಲಾಯಿಸಿದರೆ ಪರೀಕ್ಷೆ ಮತ್ತೆ ಮೊದಲಿನಿಂದ ಶುರು.

"ಮೂಟೆ ಉಜ್ಜಿದ್ದು ಕಣಕ್ಕ, ಬಿಡು," ಎಂದರು ಮುಂದಿನ ಪಾಳಿಯ ಚಾಲಕ. "ನಿನ್ನ ಸೊಂಟ ಹಾಳಾಗೋಗ್ಲಿ, ನನ್ನ ಸೊಂಟ ನಿಂಗೇನು ಮಾಡಿತ್ತು?"

ಆಕೆ ಕೀಲಿನ ಬಳಿಯ ಮೂಟೆಗಳನ್ನು ಕೆಳಗಿಳಿಸಿ ಮತ್ತೊಂದು ಸುತ್ತು ಓಡಿಸಿದರು. ಸದ್ದು ಇಳಿಯಲಿಲ್ಲ. ಬಸ್ಸು ನಿಲ್ಲಿಸಿ, ಹೋಗಿ ಮೇಲಿನವರಿಗೆ ಹೇಳಿದರು. ಬಿಚ್ಚಿದಾಗ ಕಂಡದ್ದು ಕೂದಲೆಳೆಯಷ್ಟು ಬಿರುಕು.

ಈಗ ಹೊಸ ಕೀಲು, ಅದೇ ಕಲ್ಲುಹಾದಿ. ಸಪಾಟು ದಾರಿಯ ಕೆಲಸ ಬೇರೊಬ್ಬರ ಪಾಲಾಗಿದೆ. ಮುಂದಿನ ಪಾಳಿಯವರು ಎರಡು ದಿನ ಮಾತು ಬಿಟ್ಟಿದ್ದರು. ಮೂರನೆಯ ದಿನ ನೋವಿನ ಎಣ್ಣೆಯ ಸೀಸೆ ಕೇಳಿಕೊಂಡು ತಾವೇ ಬಂದರು.

ಹೇಳದೆ ಇರಬಹುದಿತ್ತಲ್ಲ ಎಂದರೆ, ಗುಂಡಿಯಕ್ಕ ಪಟ್ಟಿ ಸಡಿಲಿಸುತ್ತಾರೆ.

"ಇರಬಹುದಿತ್ತು. ಅರ್ಧ ದಿನ ಸುಮ್ನಿದ್ದೆ ಕೂಡ. ಆದ್ರೆ ಕೈ ಸ್ಟೇರಿಂಗ್ ಎಡಕ್ಕೆ ತಿರುಗಿಸಕ್ಕೇ ಒಪ್ಪಲಿಲ್ಲ. ಹಂಗೆ ಎಷ್ಟು ದಿನ ಓಡಿಸ್ಲಿ?"

ಆಸೆ ಏನಾದರೂ ಇದೆಯೇ?

"ಇದು ರಸ್ತೆಗಿಳೀಲಿ. ಒಂದಿನ ಟಿಕೆಟ್ ತಗೊಂಡು ಹಿಂದಿನ ಸೀಟಲ್ಲಿ ಕೂತ್ಕೊತೀನಿ. ಕೊನೇ ಸ್ಟಾಪ್ ಬಂದ್ರೂ ಯಾರೂ ಎಬ್ಬಿಸ್ಬಾರ್ದು."