ಒಂದೇ ಮುಳ್ಳು, ನಾಲ್ಕು ಮೋಟಾರು

ಹಿರಿಯೂರಿನ ಹತ್ತಿ ಗಿರಣಿಯ ಮೇಸ್ತ್ರಿ ಪಂಚಾಕ್ಷರಪ್ಪನವರು ಬೆಳಿಗ್ಗೆ ಬಂದವರೇ ಕೈಮುಗಿಯುವುದು ಗೋಡೆಯ ಗಣಪತಿಗಲ್ಲ, ಪಕ್ಕದ ಕರೆಂಟು ಮೀಟರಿಗೆ. ನಾಲ್ಕು ಮೋಟಾರೂ ಸೇರಿ ಎಷ್ಟು ಕರೆಂಟು ಎಳೆಯುತ್ತಿವೆ ಎಂದು ತೋರಿಸಲು ಇರುವುದು ಅದರ ಒಂದೇ ಮುಳ್ಳು. ಅದು ನಡುವೆ ನಿಂತದ್ದು ಕಂಡು ಗಿರಣಿಯ ಸಾಹುಕಾರರು "ಇನ್ನೂ ಅರ್ಧ ಶಕ್ತಿ ಐತಲ್ಲ, ಹತ್ತಿ ಹಾಕ್ರಿ" ಎಂದರೆ ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತದೆ. "ಮುಳ್ಳು ಒಟ್ಟು ಲೆಕ್ಕ ಹೇಳ್ತೈತೆ ಸ್ವಾಮಿ, ಯಾವುದು ಸಾಯ್ತೈತೆ ಅಂತ ಹೇಳಲ್ಲ! ಮೂರು ನಿದ್ದೆ ಹೊಡೀತಿದ್ರೆ ಒಂದೇ ಎಲ್ಲಾ ಭಾರ ಎಳೀತಿರ್ತೈತೆ" ಎನ್ನುತ್ತ, ಜ್ವರದ ಕೂಸನ್ನು ಮುಟ್ಟಿದಂತೆ ಒಂದೊಂದು ಮೋಟಾರನ್ನೂ ಮುಟ್ಟಿ ನೋಡುತ್ತಾರೆ. ಮದುವೆಯೂಟಕ್ಕೆ ಕೂತರೂ ಬಿಡುವುದಿಲ್ಲ: "ಬಡಿಸೋರು ನಾಲ್ಕು ಜನ ಅವ್ರೆ ಸರಿ, ಓಡ್ತಿರೋನು ಯಾರು ನೋಡ್ರಿ!" ತಮ್ಮ ಮನೆಯಲ್ಲಿ ಮಾತ್ರ ಕಾಲು ಚಾಚಿ ಕಾಫಿ ಹೀರುತ್ತ, "ನಾವು ನಾಲ್ಕು ಜನ ಇದೀವಿ, ಕೆಲಸ ಎಲ್ಲೈತೆ?" ಎನ್ನುತ್ತಿದ್ದರು. ಒಂದು ಸಂಜೆ ಹೆಂಡತಿ ಮರುಳಸಿದ್ದಮ್ಮ ತುಂಬಿದ ಬಿಂದಿಗೆ ಇಳಿಸಿ, ಹಣೆ ಮುಂದೆ ಮಾಡಿ, "ಇದನ್ನೂ ಒಂದೀಟು ಮುಟ್ಟಿ ನೋಡ್ರಿ" ಎಂದರು. ಮುಟ್ಟಿದರು. ಸುಡುತ್ತಿತ್ತು. ಈಗ ಬೀದಿ ನಲ್ಲಿಯ ಹತ್ತಿರ ಹೆಂಗಸರ ಸಾಲಿನಲ್ಲಿ ಮೇಸ್ತ್ರಿಗಳೂ ಬಿಂದಿಗೆ ಹಿಡಿದು ನಿಲ್ಲುತ್ತಾರೆ. ಯಾರಾದರೂ ನಕ್ಕರೆ, "ನಮ್ಮನೇಲಿ ಒಂದು ಮೋಟಾರು ಸುಮ್ನೆ ನಿಂತಿತ್ತು ಕಣಮ್ಮ, ಈಗ ಶುರು ಮಾಡೀವಿ" ಎನ್ನುತ್ತಾರೆ.