ತೊಳೆದ ಕುರಿಗಳು ಮತ್ತು ಕದ್ದ ದನಿ

ನನಗೆ ಎಲ್ಲರ ದನಿಯೂ ಬರುತ್ತದೆ. ಹುಮನಾಬಾದ್ ಬಸ್ಸಿನ ಕಂಡಕ್ಟರನದು, ಜಗಳಕ್ಕಿಳಿದ ನಮ್ಮವ್ವನದು, ನಮ್ಮ ಟಗರಿನದು ಕೂಡ. ಹುಡುಗಿಯರೆದುರು ಮಾತ್ರ ನನ್ನ ಸ್ವಂತ ದನಿ ಹೊರಡುತ್ತದೆ. ಅದು ಟಗರಿಗಿಂತ ಕಡೆ.

ಆ ಚಳಿಗಾಲದ ಬೆಳಿಗ್ಗೆ ಕುರಿಗಳಿಗೆ ಜಂತಿನ ಔಷಧ ತರಲು ಘಾಟಬೋರಾಳದಿಂದ ಬಸವಕಲ್ಯಾಣಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತ ಕೂತಾಗ ಅಪ್ಪನನ್ನು ಕಾಡಿಸುವ ಮನಸ್ಸಾಯಿತು. ನನ್ನ ನಂಬರು ಕಂಡರೆ ಸಿಕ್ಕಿಬೀಳುತ್ತೇನೆಂದು ಚಹಾದವನ ಫೋನು ಇಸಿದುಕೊಂಡೆ. ನಮ್ಮ ಕಡೆ ಕುರಿಯ ಉಣ್ಣೆ ಕತ್ತರಿಸುವ ತಂಡಕ್ಕೆ ಒಬ್ಬ ಮುದುಕ ಯಜಮಾನ. ಮುಂದಿನ ಹಲ್ಲಿಲ್ಲ, ಮಾತಿಗೊಂದು ಕೆಮ್ಮು. ನಾನು ಅವನಾದೆ.

“ಏನಪಾ, ನಾಳಿ ಮುಂಜಾನಿ ಬರ್ತೀವ್ ನೋಡು. ಖಹ್ಹ! ಕುರಿ ತೊಳದು ಇಡು.”

“ಇನ್ನಾ ಹದಿನೈದು ದಿನಾ ಅಂದಿದ್ರಲ್ಲ ಕಾಕಾ?”

“ಬ್ಯಾಡಂದ್ರ ಬಿಡು, ಬೇಮಳಖೇಡಕ್ಕ ಹೋಗ್ತೀವ್.”

“ಇಲ್ರಿ, ಇಲ್ರಿ! ಬರ್ರಿ. ಈಗೇ ತೊಳಿತೀನ್ರಿ.”

ಚಹಾ ಮೂಗಿಗೇರುವಷ್ಟು ನಕ್ಕೆ. ನಿಜ ಹೇಳೋಣವೆಂದು ನನ್ನ ಫೋನಿನಿಂದ ಎರಡು ಸಲ ಮಾಡಿದೆ; ಅಪ್ಪ ಎತ್ತಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು, ಕಿಟಕಿಯ ಸೀಟೂ ಸಿಕ್ಕಿತು. ಫೋನು ಬಂದ ಗಳಿಗೆಗೇ ಯಾರು ಕುರಿ ತೊಳೆಯುತ್ತಾರೆ ಎಂದುಕೊಂಡು ಕಿವಿಗೆ ಹಾಡು ಸಿಕ್ಕಿಸಿಕೊಂಡೆ.

ಅಪ್ಪ ತೊಳೆಯುತ್ತಾನೆ. ಫೋನನ್ನು ಬೇವಿನ ಕೊಂಬೆಗೆ ತೂಗುಹಾಕಿ ಹಳ್ಳಕ್ಕಿಳಿದಿದ್ದ. ನಾನು ಬರುವಷ್ಟರಲ್ಲಿ ನಮ್ಮ ಅರವತ್ತೂ ಕುರಿಗಳು ಹಳ್ಳದ ದಂಡೆಯ ಹಾಸುಬಂಡೆಯ ಮೇಲೆ ನಿಂತಿದ್ದವು. ಕರಿ ಉಣ್ಣೆಯಿಂದ ನೀರು ಸೋರುತ್ತಿತ್ತು. ಅರ್ಧಕ್ಕರ್ಧ ಗಬ್ಬದವು. ಬಿಸಿಲಿರಲಿಲ್ಲ. ಪಡುವಣದಲ್ಲಿ ಮೋಡ ಕಪ್ಪಾಗಿ ಕಟ್ಟಿತ್ತು, ತಣ್ಣನೆ ಗಾಳಿ ಎದ್ದಿತ್ತು.

ಬಿಸಿಲಿಲ್ಲದೆ ಉಣ್ಣೆ ಒಣಗುವುದಿಲ್ಲ. ನೆನೆದ ಗಬ್ಬದ ಕುರಿಗೆ ಗಾಳಿ ಹೊಡೆದರೆ ಏನಾಗುತ್ತದೆಂದು ಹಿಂದೊಮ್ಮೆ ಪಕ್ಕದ ಹೊಲದಲ್ಲಿ ಕಂಡಿದ್ದೆ. ಸತ್ತ ಕುರಿಗಳನ್ನು ಗುಂಡಿಗೆ ಎಳೆಯಲು ನಾನೂ ಕೈ ಹಚ್ಚಿದ್ದೆ.

“ಅಪ್ಪಾ, ಮಳಿ ಬರಾಕತ್ತದ. ಶೆಡ್ಡಿಗಿ ಹೊಡಿಯೂನು.”

“ಅಕಲ್ ಅದ ಏನು ನಿನಗ? ಶೆಡ್ಡನ್ಯಾಗ ಬರೇ ಹಿಕ್ಕಿ, ಉಚ್ಚಿ. ತೊಳದ ಉಣ್ಣಿ ಹೊಲಸಾತಂದ್ರ ಮುದಕ ಕತ್ತರಿ ಮುಟ್ಟಂಗಿಲ್ಲ. ಎದ್ದು ಹೋದಾಂದ್ರ ಮತ್ತ ನಮ್ಮ ಕಡಿ ಹಾಯಂಗಿಲ್ಲ.”

ಅವನು ಹೇಳಿದ್ದು ಸರಿ. ತೊಳೆದ ಕುರಿಯನ್ನು ಕತ್ತರಿಯವರು ಬರುವತನಕ ಕಲ್ಲಿನ ಮೇಲೆಯೇ ಕಾಯುವುದು ನಮ್ಮ ಪದ್ಧತಿ. ಅಪ್ಪ ಕಾಯುತ್ತಿದ್ದ, ಯಾರೂ ಬಾರದ ದಾರಿ ನೋಡುತ್ತ.

ಹೇಳಬೇಕಿತ್ತು. ಹೇಳಲಾಗಲಿಲ್ಲ. ಅಪ್ಪನ ಕೈಯಲ್ಲಿ ಬಾರುಕೋಲಿತ್ತು. ನಾನು ಅಂಥ ಶೂರನೇನಲ್ಲ. ಗೋಣಿತಟ್ಟಿನಿಂದ ಕುರಿ ಒರೆಸುತ್ತಿದ್ದ ಅವ್ವನ ಬಳಿ ಹೋದೆ.

“ಅವ್ವಾ, ಕುರಿ ಒಳಗ ಹೊಡಿ ಅಂತ ಅಪ್ಪಗ ನೀನರೆ ಹೇಳು.”

“ನಾ ಯಾಕ? ಊರ ಮಂದಿಗೆಲ್ಲ ಬಾಯಿ ಮಾಡ್ತಿ, ನಿಮ್ಮಪ್ಪನ ಮುಂದ ಹಲ್ಲಿ ಲೊಚಗುಟ್ಟಿದಂಗ ಮಾಡ್ತಿ.”

ಮೊದಲ ಹನಿ ಬಿತ್ತು. ನಮ್ಮ ಮುಂದೆಯೇ ದೊಡ್ಡ ಹೊಟ್ಟೆಯ ಒಂದು ಕುರಿ ಮೊಣಕಾಲು ನಡುಗಿಸುತ್ತ ಬಂಡೆಯ ಮೇಲೆ ಕುಸಿಯಿತು.

“ಅಪ್ಪಾ, ಮುದಕ ಬರಂಗಿಲ್ಲ. ಫೋನ್ ಮಾಡಿದಂವ ನಾ.”

“ಹೋಗಲೇ. ಅಂವನ ದನಿ ನನಗ ಗುರ್ತಿಲ್ಲೇನು?”

ಚೆನ್ನಾಗಿ ಮಾಡಿದ್ದೆನೆಂಬುದೇ ಈಗ ಶಾಪವಾಯಿತು. ಮತ್ತೊಮ್ಮೆ ಮುದುಕನಾಗಬೇಕಿತ್ತು, ಅಪ್ಪನ ಕಣ್ಣೆದುರಿಗೇ. ಮೊದಲು ಕೋಳಿಮರಿಯ ದನಿ ಬಂತು. ಎಂಜಲು ನುಂಗಿ ಮತ್ತೆ ಶುರುಮಾಡಿದೆ.

“ಏನಪಾ… ಖಹ್ಹ… ಕುರಿ ತೊಳದು ಇಡು.”

ಅಪ್ಪನ ಮುಖದಲ್ಲಿ ಸಿಟ್ಟಿರಲಿಲ್ಲ; ಹೆದರಿಕೆಯಿತ್ತು. ಅಪ್ಪ ಹೆದರಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಬಾರುಕೋಲು ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ. ಅದು ಬಂಡೆಯ ಮೇಲೆ ಬಿತ್ತು.

“ಹೈ! ಹೈ! ಹೊಡಿಲೇ, ನೋಡ್ಕೋತ ನಿಂತಿ! ಆಕಿನ್ನ ಎತ್ತು!”

ಕುಸಿದವಳನ್ನು ಗೋಣಿತಟ್ಟಿನಲ್ಲಿ ಹಾಕಿ ಅಪ್ಪ ಒಂದು ತುದಿ, ನಾನೊಂದು ತುದಿ ಹಿಡಿದು ಓಡಿದೆವು. ಅವ್ವ ಹಿಂಡನ್ನು ಶೆಡ್ಡಿಗೆ ನುಗ್ಗಿಸಿದಳು. ಕೊನೆಯ ಕುರಿ ಒಳಗಾಗುವುದಕ್ಕೂ ತಗಡಿನ ಮೇಲೆ ಆಲಿಕಲ್ಲು ಬಡಿಯುವುದಕ್ಕೂ ಸರಿಹೋಯಿತು. ಆ ಸದ್ದಿನಲ್ಲಿ ಅಪ್ಪ ಬೈದದ್ದು ಕೇಳಿಸಲಿಲ್ಲ. ತುಟಿ ನೋಡಿಯೇ ಅರ್ಥವಾಯಿತು.

ಅವ್ವ ಬಾಗಿಲ ಬಳಿ ತೊಗರಿಕಟ್ಟಿಗೆಯ ಬೆಂಕಿ ಮಾಡಿದಳು. ನಾನು ಒಣ ತಟ್ಟಿನಿಂದ ಆ ಕುರಿಯನ್ನು ತಿಕ್ಕತೊಡಗಿದೆ. ಬಹಳ ಹೊತ್ತಿನ ಮೇಲೆ ಅದರ ನಡುಕ ನಿಂತಿತು.

“ನಡುಗೂದು ನಿಂತತು ಅಪ್ಪಾ! ಆರಾಮಾತು.”

ಅಪ್ಪ ಅದರ ಕಿವಿ ಮುಟ್ಟಿದ. “ತಣ್ಣಗದ. ಮೈ ತಣ್ಣಗಿದ್ದು ನಡುಕ ನಿಂತ್ರ ಚಲೋ ಅಲ್ಲ. ಜೋರ ತಿಕ್ಕು.”

ಮನೆದೇವರಿಗೆ ಹರಕೆ ಹೊತ್ತೆ, ದರ್ಗಾಕ್ಕೂ ಹೊತ್ತೆ. ಯಾರ ದನಿಯನ್ನೂ ಇನ್ನು ಮಾಡುವುದಿಲ್ಲವೆಂದೆ. ಅದನ್ನು ಪಾಲಿಸಲಾರೆನೆಂದು ಆಗಲೇ ಗೊತ್ತಿದ್ದರಿಂದ ಇನ್ನಷ್ಟು ಹೆದರಿದೆ. ಅಂಗೈ ಉರಿಯುತ್ತಿತ್ತು. ಕುರಿ ಕಣ್ಣು ಮಿಟುಕಿಸುತ್ತಿರಲಿಲ್ಲ.

ಆಮೇಲೆ ಕೆಳದವಡೆ ಒಮ್ಮೆ ಅಡ್ಡಕ್ಕೆ ಸರಿಯಿತು. ನಿಂತಿತು. ಮತ್ತೆ ಸರಿಯಿತು. ಅಪ್ಪ ಅದರ ಗಂಟಲ ಮೇಲೆ ಎರಡು ಬೆರಳಿಟ್ಟು ಕಾದ.

“ಮೆಲಕ ಹಾಕಾಕತ್ತಾಳ,” ಎಂದ. ಮೆಲುಕು ಹಾಕುವ ಕುರಿ ಉಳಿಯುತ್ತದೆ. ನಾನು ಹೊಟ್ಟೆಯ ಮೇಲೆ ಕೈಯಿಟ್ಟೆ. ಒಳಗಿನಿಂದ ಮರಿ ಒದೆಯಿತು. ಏನೋ ಹೇಳಹೋದೆ, ದನಿ ಹೊರಡಲಿಲ್ಲ.

“ಅಳಬ್ಯಾಡ,” ಅಪ್ಪ ಇನ್ನೊಂದು ತಟ್ಟು ನನ್ನತ್ತ ಎಸೆದ. “ಮುಂದಿನಕಿನ್ನ ಹಿಡಿ.”

ಮುಂದಿನದರ ಕಿವಿ ಮುಟ್ಟಿ ನೋಡಿದೆ. ತಣ್ಣಗಿತ್ತು. ತಿಕ್ಕತೊಡಗಿದೆ.