ದೀಪದ ಕೋಣೆಯ ಅಶ್ವತ್ಥಪ್ಪ ಮತ್ತು ಮೂರು ವಾರದ ಚೀಟಿ

೧೯೮೪ನೆಯ ಇಸವಿ ಜುಲೈ ೯, ಸೋಮವಾರ. ಚಿನ್ನದ ಗಣಿಯ ದೀಪದ ಕೋಣೆಯಲ್ಲಿ ದುಡಿಯುತ್ತಿದ್ದ ಅಶ್ವತ್ಥಪ್ಪನಿಗೆ ಅಂದು ನಡೆಯುವುದನ್ನೇ ನಿಷೇಧಿಸಲಾಯಿತು. ಜ್ವರದಲ್ಲಿ ಉಸಿರು ಕಟ್ಟಿದ್ದಕ್ಕೆ ಗಣಿ ಆಸ್ಪತ್ರೆಯ ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಇದ್ದುದು ಇಷ್ಟೇ: "ಮೂರು ವಾರ ದೇಹಶ್ರಮ ಕೂಡದು." ಕಚೇರಿಯವರು ಅದನ್ನು ಹದಿನಾಲ್ಕು ತಿಂಗಳು ಎಳೆದರು. ಚೀಟಿ ಬರೆದ ವೈದ್ಯರು ವರ್ಗವಾಗಿ ಹೋಗಿದ್ದರು. ಅವರದೇ ಸಹಿಯ ಇನ್ನೊಂದು ಚೀಟಿ ಬಾರದೆ ನಿರ್ಬಂಧ ತೆಗೆಯಲಾಗದು ಎಂಬುದು ಕಚೇರಿಯ ವಾದ. ನಡೆದು ಬಂದರೆ ಕೆಲಸ ಹೋದೀತೆಂಬ ಬೆದರಿಕೆ ಬೇರೆ.

ಅದಕ್ಕೆ ಹಿಂದಿನ ಇಪ್ಪತ್ತಮೂರು ವರ್ಷ, ಕ್ಯಾಸಂಬಳ್ಳಿಯ ಈ ರೈತನ ಮಗ ನಂದಿದುರ್ಗ ಎಂಬ ಕಾರ್ಮಿಕರ ಕೇರಿಯ ಲೈನ್ ಮನೆಯಿಂದ ಗಣಿಗೆ ಒಂದು ಗಂಟೆ ನಡೆದೇ ಬಂದವನು, ನಡೆದೇ ಮರಳಿದವನು. ಎದ್ದ ಕೂಡಲೇ ನೂರು ಬಸ್ಕಿ, ಐವತ್ತು ದಂಡ. ಒಂಬೈನೂರು ಕಾರ್ಮಿಕರ ಮುಖ ನೋಡಿಯೇ ಅವರವರ ನಂಬರಿನ ತಲೆದೀಪ ಕೈಗಿಡುತ್ತಿದ್ದ. ಯಾರೂ ಬಾಯಿಬಿಟ್ಟು ನಂಬರು ಹೇಳಿದ್ದಿಲ್ಲ. ಪಾಳಿ ಮುಗಿದಾಗ ದೀಪ ಅದರದೇ ಕೊಕ್ಕೆಗೆ ಮರಳಬೇಕು. ಕೊಕ್ಕೆ ಖಾಲಿ ಇದ್ದರೆ ಮನುಷ್ಯ ಇನ್ನೂ ಭೂಮಿಯೊಳಗಿದ್ದಾನೆ ಎಂದರ್ಥ.

ನಿಷೇಧವಾದ ಮೇಲೆ ಕಚೇರಿಯ ವ್ಯಾನು ಮನೆಬಾಗಿಲಿಗೆ ಬಂತು, ಕೂರಲು ಕುರ್ಚಿ ಬಂತು. ಮೂರನೆಯ ತಿಂಗಳಿಗೆ ನಿದ್ರೆ ಹೋಯಿತು. ಕೂತಲ್ಲೇ ಎದೆ ಡವಗುಟ್ಟುತ್ತಿತ್ತು. ಲೋಟ ಬಿದ್ದ ಸದ್ದಿಗೂ ಹೆಂಡತಿ ಮುನಿನಾರಾಯಣಮ್ಮನ ಮೇಲೆ ಎಗರುತ್ತಿದ್ದ. ಆಮೇಲೆ ನಂಬರುಗಳು ಜಾರತೊಡಗಿದವು. ಪರಿಚಿತ ಮುಖ ಕಿಟಕಿಗೆ ಬಂದರೂ ಅಶ್ವತ್ಥಪ್ಪನ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು.

೧೯೮೫ರ ಆಗಸ್ಟಿನಲ್ಲಿ ಕುಪ್ಪುಸ್ವಾಮಿ ಎಂಬ ಕಾರ್ಮಿಕನ ದೀಪವನ್ನು ಬೇರೆ ಪಾಳಿಯವನ ಕೊಕ್ಕೆಗೆ ನೇತುಹಾಕಿದ. ಖಾಲಿ ಕೊಕ್ಕೆ ಕಂಡ ಮೇಲ್ವಿಚಾರಕರು ಹುಡುಕಲು ಆರು ಜನರನ್ನು ಗಣಿಗೆ ಇಳಿಸಿದರು. ಎರಡು ಗಂಟೆಯ ನಂತರ ಕುಪ್ಪುಸ್ವಾಮಿಯೇ ಬಂದು ಕಿಟಕಿ ಬಡಿದ.

"ಏನಣ್ಣಾ, ನನ್ನ ಒಳಗೇ ಊತ್ಬುಟ್ಟಿದೀಯಂತೆ? ನಾನು ಅಂಗ್ಡೀಲಿ ಟೀ ಕುಡೀತಾ ಕೂತಿದ್ರೆ, ನಮ್ಮೋಳು ಬೀದೀಲಿ ನಿಂತ್ಕಂಡು ಎದೆ ಬಡ್ಕೋತಾವ್ಳೆ!"

ಎಲ್ಲರೂ ನಕ್ಕರು. ಅಶ್ವತ್ಥಪ್ಪ ನಗಲಿಲ್ಲ.

ಮುನಿನಾರಾಯಣಮ್ಮ ಅವನನ್ನು ಬಂಗಾರಪೇಟೆಯ ಡಾಕ್ಟರ್ ಆದಿನಾರಾಯಣರ ಬಳಿಗೆ ಎಳೆದೊಯ್ದಳು. ಅವರು ಪರೀಕ್ಷಿಸಿ ಹೇಳಿದ್ದನ್ನು ಕೂಡಿಸದೆ ಕಳೆಯದೆ ಇಲ್ಲಿ ಕೊಟ್ಟಿದೆ: "ಗಾಬರಿಯಾದಾಗ ರಕ್ತಕ್ಕೆ ಒಂದು ಹಾರ್ಮೋನು ಇಳಿಯುತ್ತೆ. ದಿನಾ ಮೈ ದಣಿಸೋರಲ್ಲಿ ಅದು ಬಂದ ಕೆಲಸ ಮುಗಿಸಿ ಹೋಗುತ್ತೆ. ನಿಮ್ಮಲ್ಲಿ ಮನೆ ಮಾಡ್ಕೊಂಡು ಕೂತಿರಬೇಕು. ಬಹಳ ದಿನ ಕೂತ್ರೆ ನೆನಪಿಗೂ ಕೈಹಾಕುತ್ತೆ ಅಂತ ಸಂಶೋಧನೆ ನಡೀತಿದೆ. ಆಣೆ ಇಟ್ಟು ಹೇಳಲಾರೆ. ಆದ್ರೆ ನಡೀರಿ."

ಅದನ್ನೇ ಬರೆದೂ ಕೊಟ್ಟರು. ಹೊರಗಿನ ವೈದ್ಯರ ಮಾತೆಂದು ಕಚೇರಿ ಅದನ್ನು ಮುಟ್ಟಲಿಲ್ಲ.

"ನಡ್ದು ಕೆಲ್ಸ ಓದ್ರೆ?" ಎಂದ ಅಶ್ವತ್ಥಪ್ಪ.

"ಓದ್ರೆ ಓಗ್ಲಿ ಕಣಯ್ಯಾ. ನನ್ನೆಸ್ರು ಮರೆಯಾಕ್ಮುಂಚೆ ಎದ್ದು ನಡಿ!" ಎಂದಳು ಮುನಿನಾರಾಯಣಮ್ಮ.

ಸೆಪ್ಟೆಂಬರ್ ೯ರ ಬೆಳಿಗ್ಗೆ ವ್ಯಾನು ಹಾರನ್ ಬಾರಿಸಿತು. ಅಶ್ವತ್ಥಪ್ಪ ಅದರ ಪಕ್ಕದಲ್ಲೇ ನಡೆದುಹೋದ. ಡ್ರೈವರು ನಿಧಾನವಾಗಿ ಹಿಂಬಾಲಿಸುತ್ತ ಕೂಗಿದ: "ಅತ್ಕೊಳಣ್ಣಾ, ಇಲ್ದಿದ್ರೆ ಆಪೀಸಿಗೆ ಬರ್ಕೊಂಡೋಗಿ ಕೊಡ್ಬೇಕಾಯ್ತದೆ!"

"ಬರ್ಕೋ ಓಗ್ಲಾ! ಅಶ್ವತ್ಥಪ್ಪ ನಡ್ದ ಅಂತ ದೊಡ್ಡಕ್ಷರದಾಗೆ ಬರ್ಕೋ!"

ಎರಡನೆಯ ತಿಂಗಳಲ್ಲಿ ನಿದ್ರೆ ಬಂತು. ನಾಲ್ಕನೆಯ ತಿಂಗಳ ಹೊತ್ತಿಗೆ ನಂಬರುಗಳು ಮರಳಿದವು. ಎಲ್ಲವೂ ಅಲ್ಲ, ಹನ್ನೊಂದು ಜನರವನ್ನು ಹೊಸದಾಗಿ ಕಲಿಯಬೇಕಾಯಿತು, ಕಲಿತ. ಮರೆತ ನಂಬರನ್ನು ಕೇಳಿ ತಿಳಿದೇ ಕೈಹಾಕಿದ್ದರಿಂದ, ಆಗಸ್ಟಿನ ನಂತರ ಒಂದು ದೀಪವೂ ತಪ್ಪು ಕೊಕ್ಕೆಗೆ ಹೋಗಿಲ್ಲ.

ಆದರೂ ೧೯೮೬ರ ಫೆಬ್ರವರಿ ೩ರಂದು ಆದೇಶ ಬಂದಿದೆ: ಮಾರ್ಚ್ ೩೧ರಿಂದ ಅವನು ಕೆಲಸಕ್ಕೆ ಅನರ್ಹ. ಒಂದೇ ಹಾಳೆಯಲ್ಲಿ ಎರಡು ಕಾರಣ: ನೆನಪು ಕುಂದಿದೆ, ಬೇಡವೆಂದರೂ ನಡೆದಿದ್ದಾನೆ. ಅವನ ನೆನಪನ್ನು ಪರೀಕ್ಷಿಸಿದವರು ಯಾರೂ ಇಲ್ಲ.

ಆದೇಶಕ್ಕೆ ಸಹಿ ಹಾಕಿದ ಮಹನೀಯರೇ, ಮಾರ್ಚ್ ೩೧ಕ್ಕೆ ಮೊದಲು ಒಂದು ಬೆಳಗಿನ ಪಾಳಿಗೆ ತಾವೇ ಬಂದು ಆ ಕಿಟಕಿಯ ಪಕ್ಕ ನಿಲ್ಲಿ. ಆ ಪಾಳಿಯ ಮುನ್ನೂರು ಜನಕ್ಕೂ ಅಶ್ವತ್ಥಪ್ಪ ದೀಪ ಕೊಡಲಿ. ಪಟ್ಟಿ ಹಿಡಿದು ತಾಳೆ ನೋಡಿ. ಒಂದೂ ತಪ್ಪದಿದ್ದರೆ ಆದೇಶವನ್ನು ಅಲ್ಲಿಯೇ ರದ್ದುಮಾಡಿ. ಮೂರು ವಾರವನ್ನು ಹದಿನಾಲ್ಕು ತಿಂಗಳು ಮಾಡಿದವರು ಯಾರೆಂಬುದನ್ನೂ ಹೆಸರು, ಹುದ್ದೆ ಸಹಿತ ಬರೆದುಕೊಡಿ.